ನಾಲ್ಕು ಹನಿಯ ಡ್ರಿಪ್ಪರ್

ಇದನ್ನು ಯಾರ ಹತ್ರವೂ ಹೇಳ್ಬಾರ್ದು ಅಂತ ಮಾವ ನನ್ನಿಂದ ಮೂರು ಸಲ ಮಾತು ತಗೊಂಡಿದ್ದಾರೆ. ಒಂದು ಸಲ ಲಿಫ್ಟಲ್ಲಿ, ಒಂದು ಸಲ ಟೆರೇಸಲ್ಲಿ, ಇನ್ನೊಂದು ಸಲ ಊಟದ ಮಧ್ಯೆ ಬರೀ ಕಣ್ಣಲ್ಲಿ. ನಾನು ಹೇಗೂ ಜಾಸ್ತಿ ಮಾತಾಡುವವಳಲ್ಲ, ಹಾಗಾಗಿ ಇಷ್ಟು ದಿನ ಕಷ್ಟ ಆಗ್ಲಿಲ್ಲ. ಬರೆದ್ರೆ ಹೇಳಿದ ಹಾಗೆ ಆಗ್ತದಾ ಇಲ್ವಾ ಅಂತ ನನಗೆ ಸರಿ ಗೊತ್ತಿಲ್ಲ.

ಇಲ್ಲಿ ಗಲ್ಫಲ್ಲಿ, ನಮ್ಮ ಗುದೈಬಿಯಾದ ಫ್ಲಾಟಲ್ಲಿ ಇಂಥದ್ದೆಲ್ಲ ಆಗ್ತಾನೇ ಇರ್ತದೆ. ಕಾರಣ, ನಾನು ಓದ್ತೇನೆ. ಯಾರ ಮನೆಗೆ ಯಾವ ಮೆಷಿನ್ ಬಂದ್ರೂ ಅದರ ಪುಸ್ತಕ ನನ್ನ ಹತ್ರ ಬರ್ತದೆ. ಮೇಲಿನ ಮನೆ ಆಂಟಿ ವಾಷಿಂಗ್ ಮೆಷಿನ್ ತಗೊಂಡಾಗಲೂ ಪುಸ್ತಕ ಕಳಿಸಿದ್ರು. ಓದಿ ವಾಪಸ್ ಕೊಟ್ಟೆ.

"ಒಗೆಯುವುದು ಹೇಗೆ ಅಂತ ಬರೆದುಂಟಾ?"

"ಉಂಟು ಆಂಟಿ."

"ಹಾಗಾದ್ರೆ ಇವತ್ತಿಂದು ನೀನೇ ಒಗೆದುಬಿಡು."

ಹೊಗೆ ಅಂದ್ರೆ ಹೊಗೆ

ಮಾವ ಅಂದ್ರೆ ಅಮ್ಮನ ತಮ್ಮ. ಸಿತ್ರಾದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ವಾಸ ನಮ್ಮ ಜೊತೆ. ಅವರ ಸಿಗರೇಟಿನ ವಾಸನೆ ಪರದೆಗೆ ಹತ್ತಿ, ಪರದೆಯಿಂದ ನನ್ನ ಯೂನಿಫಾರ್ಮಿಗೆ ಹತ್ತಿ, ಶಾಲೆಯಲ್ಲಿ ಮಿಸ್ ನನ್ನನ್ನು ಬದಿಗೆ ಕರೆದು ತುಂಬ ಪ್ರೀತಿಯಿಂದ ವಿಚಾರಿಸಿದ್ರು. ಆ ದಿನ ಅಮ್ಮ ತೀರ್ಪು ಕೊಟ್ರು.

"ಇನ್ನೊಂದು ಸಲ ಮನೆಯಲ್ಲಿ ಹೊಗೆ ಕಂಡ್ರೆ ನೀನು ಸಿತ್ರಾಕ್ಕೆ ಹೋಗಿ ಕಂಪನಿ ಕ್ಯಾಂಪಲ್ಲಿ ಇರು. ಬೀಡಿಯದ್ದಾಗ್ಲಿ, ಮೆಷಿನಿನದ್ದಾಗ್ಲಿ. ಹೊಗೆ ಅಂದ್ರೆ ಹೊಗೆ."

ಕ್ಯಾಂಪಲ್ಲಿ ಒಂದು ರೂಮಿಗೆ ಆರು ಜನ. ವಾರಕ್ಕೆ ಐದು ದಿನ ದಾಲ್. ಅಮ್ಮನ ಬಂಗುಡೆ ಮೀನಿನ ಸಾರು ಇಲ್ಲವೇ ಇಲ್ಲ. ಮಾವ ಆ ಕ್ಷಣವೇ ಸಿಗರೇಟ್ ಬಿಟ್ರು. ಮರುದಿನ ಸಂಜೆ ಪುನಃ ಹಿಡಿದ್ರು.

ಮೂರನೇ ದಿನ ಅಮ್ಮನಿಗೆ ಕಾಣದ ಹಾಗೆ ಒಂದು ವೇಪ್ ತಂದ್ರು, ಪರಿಮಳದ ರಸ ಬಿಸಿ ಮಾಡಿ ಹೊಗೆ ಎಳೆಯುವ ಬ್ಯಾಟರಿ ಸಿಗರೇಟ್. ಜೊತೆಗೆ, ರಜೆಗೆ ಊರಿಗೆ ಹೋದ ಜೊತೆ ಕೆಲಸದವರು ಕೊಟ್ಟ ಎಂಟು ಸಣ್ಣ ಸ್ಯಾಂಪಲ್ ಬಾಟ್ಲಿ, ಎಂಟು ಫ್ಲೇವರ್. ಅದರಲ್ಲಿ ಸಿಗರೇಟ್ ಮರೆಯುವಷ್ಟು ಹಿಡಿಸುವ ಒಂದನ್ನು ಹುಡುಕ್ಬೇಕು. ಆದ್ರೆ ವೇಪಿನ ಟ್ಯಾಂಕಿಗೆ ಇಡೀ ಬಾಟ್ಲಿ ಸುರಿಯಬೇಕು, ಮತ್ತೆ ಮೊದಲಿನ ಫ್ಲೇವರ್ ವಾರ ಆದ್ರೂ ಬಿಟ್ಟು ಹೋಗುವುದಿಲ್ಲ.

"ಇಂಟರ್ನೆಟ್ಟಲ್ಲಿ ಎಂತ ಹೇಳ್ತಾರೆ ಓದು ಮಾರಾಯ್ತಿ," ಅಂದ್ರು.

ಎರಡು ದಿನ ಓದಿದೆ. ಡ್ರಿಪ್ಪರ್ ಅಂತ ಉಂಟು. ಟ್ಯಾಂಕಿನ ಜಾಗದಲ್ಲಿ ಕೂರಿಸುವ ಸಣ್ಣ ಡಬ್ಬಿ, ಒಳಗೆ ತಂತಿಯ ಸುರುಳಿ, ಸ್ವಲ್ಪ ಹತ್ತಿ. ನಾಲ್ಕು ಹನಿ ಹಾಕಿ ಎಳೆಯುವುದು, ಹತ್ತಿ ಬದಲಿಸಿ ಇನ್ನೊಂದು ಫ್ಲೇವರ್ ಹಾಕುವುದು. ಟ್ಯಾಂಕೇ ಇಲ್ಲ.

"ಇಷ್ಟು ಸಿಂಪಲ್ಲಾ? ಎಷ್ಟು ನಮೂನೆ ಉಂಟು?"

"ನಾನು ಓದಿದ್ದು ಇನ್ನೂರು ಚಿಲ್ಲರೆ."

ಮಾವ ಕೆಳಗೆ ಹೋಗಿ ಒಂದು ಸಿಗರೇಟ್ ಸೇದಿ ಬಂದ್ರು.

ಫುಟ್‌ಪಾತ್

ವೇಪ್ ಅಂಗಡಿಯ ಗಾಜಿನ ಮೇಲೆ ಹದಿನೆಂಟರ ಕೆಳಗಿನವರು ಬರ್ಬಾರ್ದು ಅಂತ ಬರೆದಿತ್ತು. ನನಗೆ ಹದಿನೈದು. ನಾನು ಫುಟ್‌ಪಾತಲ್ಲಿ ನಿಂತೆ, ಮಾವ ಒಳಗೆ ಹೋದ್ರು. ಎರಡು ನಿಮಿಷಕ್ಕೆ ಹೊರಗೆ ಬಂದ್ರು.

"ಸುರುಳಿ ಒಂದಾ ಎರಡಾ ಅಂತ ಕೇಳ್ತಾರೆ."

"ಒಂದು. ಹತ್ತಿ ಬದಲಿಸ್ಲಿಕ್ಕೆ ಸುಲಭ."

ಒಳಗೆ ಹೋದ್ರು. ಹೊರಗೆ ಬಂದ್ರು.

"ಎರಡಿದ್ರೆ ಹೊಗೆ ಜಾಸ್ತಿಯಂತೆ."

"ಮಾವ, ನಿಮಗೆ ಹೊಗೆ ಬೇಕಾ ರುಚಿ ಬೇಕಾ?"

ಮಾವ ಯೋಚಿಸಿದ್ರು. "ನನಗೆ ಬಂಗುಡೆ ಬೇಕು," ಅಂತ ಹೇಳಿ ಒಳಗೆ ಹೋದ್ರು. ಪುನಃ ಬಂದ್ರು.

"ಗಾಳಿಯ ತೂತು ಬದಿಯಲ್ಲಿಯಾ ಕೆಳಗಾ?"

"ಬದಿಯಲ್ಲಿ, ಸ್ವಲ್ಪ ಮೇಲೆ. ಕೆಳಗಿದ್ರೆ ನೀವು ಹನಿ ಜಾಸ್ತಿ ಹಾಕಿದಾಗ ಪ್ಯಾಂಟಿಗೆ ಸೋರ್ತದೆ."

ಐದನೇ ಸಲಕ್ಕೆ ಅಂಗಡಿಯವರೇ ಹೊರಗೆ ಬಂದ್ರು. ನನ್ನನ್ನು ನೋಡಿದ್ರು, ಮಾವನನ್ನು ನೋಡಿದ್ರು, ಮತ್ತೆ ಹಿಂದಿಯಲ್ಲಿ ಹೇಳಿದ್ರು, "ಭಾಯ್, ಈ ಹುಡುಗಿಗೆ ಮಾರುವ ಹಾಗಿಲ್ಲ. ನಿಮಗೆ ಮಾರಿ ಪ್ರಯೋಜನ ಇಲ್ಲ."

ಬಾಯಿ ರುಚಿ

ಶುಕ್ರವಾರ ಮಧ್ಯಾಹ್ನ ಅಮ್ಮ ಮಲಗಿದ ಮೇಲೆ, ಕೊನೆಗೂ ಸಿಕ್ಕಿದ ಡ್ರಿಪ್ಪರ್ ಹಿಡ್ಕೊಂಡು ಟೆರೇಸಿಗೆ ಹೋದೆವು. ಹೊಗೆ ನನಗೆ ತಾಗ್ಬಾರ್ದು ಅಂತ ಮಾವ ನನ್ನನ್ನು ನೀರಿನ ಟ್ಯಾಂಕಿನ ಆಚೆ ಬದಿ ಕೂರಿಸಿದ್ರು. ಅವರು ಈಚೆಯಿಂದ ಹೇಳುವುದು, ನಾನು ನೋಟ್‌ಬುಕ್ಕಲ್ಲಿ ಬರೆಯುವುದು.

ಬ್ಲೂಬೆರಿ: ಜ್ವರದ ಸಿರಪ್. ಪುದೀನ: ಹಲ್ಲಿನ ಡಾಕ್ಟ್ರ ಕೈ. ಕಸ್ಟರ್ಡ್: ಉಪ್ಪಿನಕಾಯಿ. ಕಲ್ಲಂಗಡಿ: ಉಪ್ಪಿನಕಾಯಿ. ಕಾಫಿ: ಉಪ್ಪಿನಕಾಯಿ, ಸ್ವಲ್ಪ ಸುಟ್ಟದ್ದು.

"ಈ ಕಂಪನಿಯವರಿಗೆ ಒಂದೇ ರುಚಿ ಗೊತ್ತಿರುವುದಾ?" ಅಂತ ಮಾವ ಆಚೆಯಿಂದ ಕೇಳಿದ್ರು.

ಎದ್ದು ಹೋಗಿ ನೋಡಿದೆ. ತಪ್ಪು ನನ್ನದೇ. ಒಂದು ಫ್ಲೇವರಿಂದ ಇನ್ನೊಂದಕ್ಕೆ ಹೋಗುವ ಮೊದಲು ಬಾಯಿ ರುಚಿ ಸರಿ ಮಾಡ್ಕೊಳ್ಬೇಕಂತೆ ಅಂತ ನಾನೇ ಹೇಳಿದ್ದೆ. ನೀರು ಕುಡಿಯಿರಿ ಅಂತ ನನ್ನ ಅರ್ಥ. ಆದ್ರೆ ನಮ್ಮಲ್ಲಿ ಬಾಯಿ ರುಚಿ ಕೆಟ್ರೆ ಕೊಡುವುದು ಒಂದೇ. ಮಾವನ ಕಾಲ ಹತ್ರ ಟಿಫಿನ್ ಡಬ್ಬ ಇತ್ತು. ಮೇಲಿನದ್ರಲ್ಲಿ ಗಂಜಿ, ಕೆಳಗಿನದ್ರಲ್ಲಿ ಮಿಡಿ ಉಪ್ಪಿನಕಾಯಿ.

ಎಂಟನೆಯ ಬಾಟ್ಲಿ ಮಲ್ಲಿಗೆ ಚಹಾ. ಅಷ್ಟು ಹೊತ್ತಿಗೆ ಗಂಜಿ, ಉಪ್ಪಿನಕಾಯಿ ಎರಡೂ ಮುಗಿದಿತ್ತು. ಮಾವನಿಗೆ ಮಲ್ಲಿಗೆ ಹಿಡಿಸಿತು.

ಹೂವಿಲ್ಲದ ಪರಿಮಳ

ಮಲ್ಲಿಗೆ ಒಳ್ಳೆ ನಡೀತು. ಹತ್ತು ದಿನ ಒಂದೇ ಒಂದು ಸಿಗರೇಟ್ ಇಲ್ಲ. ಚಹಾ ಆದ ಮೇಲೆ ಬಾತ್‌ರೂಮಿಗೆ ಹೋಗಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ನಾಲ್ಕು ಹನಿ. ಅಮ್ಮ ಮೂಗೆತ್ತಿ ಮನೆ ಇಡೀ ತಿರುಗಿದ್ರು. ಸಿಗರೇಟ್ ಸಿಗ್ಲಿಲ್ಲ, ಬೇರೆ ಸಿಕ್ಕಿತು.

"ಮಲ್ಲಿಗೆ ಪರಿಮಳ ಬರ್ತದಲ್ವಾ?" ಅಂದ್ರು.

ಮನೆಯಲ್ಲಿ ಒಂದು ಹೂ ಇಲ್ಲ. ನಮ್ಮ ಕಡೆ ಹೂವಿಲ್ಲದೆ ಮಲ್ಲಿಗೆ ಪರಿಮಳ ಬಂದ್ರೆ ದೈವ ಬಂದು ಹೋದ ಹಾಗೆ ಅಂತ ನಂಬಿಕೆ. ಅಮ್ಮ ಊರಿಗೆ ಫೋನ್ ಮಾಡಿ ಅಜ್ಜಿಯ ಹತ್ರ ಕೇಳಿದ್ರು. "ಪುನಃ ಬಂದಾಗ ಎದುರು ನಿಂತು ಕೈಮುಗಿದು ಕೇಳು," ಅಂದ್ರಂತೆ ಅಜ್ಜಿ.

"ಬಾತ್‌ರೂಮಿಂದ ಯಾಕೆ ಬರುವುದು?" ಅಂತ ಅಪ್ಪ ಕೇಳಿದ್ರು.

"ಎಲ್ಲಿಂದ ಬರ್ಬೇಕು ಅಂತ ಇನ್ನು ನೀವು ಹೇಳ್ಬೇಕಾ," ಅಂದ್ರು ಅಮ್ಮ.

ಸೋಮವಾರ ಮಾವನ ಶಿಫ್ಟ್ ಬೇಗ ಬಿಟ್ಟಿತು. ಅಮ್ಮ ಕೆಳಗೆ ಕೋಲ್ಡ್ ಸ್ಟೋರಿಗೆ ಮೊಸರು ತರ್ಲಿಕ್ಕೆ ಹೋಗಿದ್ರು. ಮಾವ ಬಂದವರು ಸೀದಾ ಬಾತ್‌ರೂಮಿಗೆ. ಅಮ್ಮ ವಾಪಸ್ ಬಂದು ಚಪ್ಪಲಿ ಬಿಡುವಾಗಲೇ ನಿಂತುಬಿಟ್ರು. ಮನೆ ತುಂಬ ಮಲ್ಲಿಗೆ. ಬಾಗಿಲಿನ ಕೆಳಗಿಂದ ಬೆಳ್ಳಗೆ ಸ್ವಲ್ಪ ಹೊಗೆಯೂ ಬರ್ತಿತ್ತು. ಮಾವ ಇನ್ನೂ ಸಿತ್ರಾದಲ್ಲಿ ಅಂತ ಅಮ್ಮನ ಲೆಕ್ಕ. ನಾನು ಸೋಫಾದಲ್ಲಿ ಪುಸ್ತಕ ಹಿಡ್ಕೊಂಡು ಒಂದೇ ಸಾಲನ್ನು ಪುನಃ ಪುನಃ ಓದ್ತಿದ್ದೆ.

"ಕಾಲು ಕೆಳಗಿಟ್ಟು ಕೂತ್ಕೊ," ಅಂತ ಅಮ್ಮ ನನಗೆ ಮೆಲ್ಲ ಹೇಳಿದ್ರು. ಮೊಸರನ್ನು ಟೇಬಲಲ್ಲಿಟ್ಟು, ವೇಲ್ ಸರಿ ಮಾಡ್ಕೊಂಡು, ಬಾತ್‌ರೂಮಿನ ಬಾಗಿಲ ಎದುರು ಕೈಮುಗಿದು ನಿಂತ್ರು.

"ತಪ್ಪಾಗಿದ್ರೆ ಕ್ಷಮಿಸ್ಬೇಕು," ಅಂದ್ರು. "ಪರದೇಶದಲ್ಲಿ ಇರುವವರು ನಾವು. ನನಗೆ ಒಬ್ಬ ತಮ್ಮ ಇದ್ದಾನೆ. ಒಳ್ಳೆಯವನೇ, ಮಂಡೆ ಸ್ವಲ್ಪ ಕಮ್ಮಿ."

ಒಳಗೆ ಎಕ್ಸಾಸ್ಟ್ ಫ್ಯಾನ್ ನಿಂತಿತು.

ಅಮ್ಮನಿಗೆ ಧೈರ್ಯ ಬಂತು. "ಅವನು ಸಿಗರೇಟ್ ಬಿಟ್ಟಿದ್ದೇನೆ ಅಂತಾನೆ. ನನಗೆ ನಂಬಿಕೆ ಇಲ್ಲ. ನಿಮಗೆ ಎಲ್ಲ ಗೊತ್ತುಂಟು. ಬಿಟ್ಟದ್ದು ಹೌದಾದ್ರೆ ಒಂದು ಸಲ ಹೂಂ ಅನ್ನಿ. ಅವನನ್ನು ಕ್ಯಾಂಪಿಗೆ ಕಳಿಸುವ ಮಾತನ್ನೇ ಇನ್ನು ಎತ್ತುವುದಿಲ್ಲ."

ಮಾವ ನಿಜವಾಗಿ ಬಿಟ್ಟಿದ್ರು. ಒಂದು ಹೂಂ ಅಂದ್ರೆ ಸಾಕಿತ್ತು. ಆದ್ರೆ ಆ ಸ್ವರ ಅಮ್ಮನಿಗೆ ಅದು ಹುಟ್ಟಿದ ದಿನದಿಂದ ಗೊತ್ತು.

ಅಮ್ಮ ಕಾದ್ರು. ಬಾಗಿಲು ಮುಚ್ಚಿಯೇ ಇತ್ತು. ಬೆರಳಿನ ತುದಿಯಿಂದ ಎರಡು ಸಲ, ಭಕ್ತಿಯಿಂದ, ಮೆಲ್ಲ ತಟ್ಟಿದ್ರು. ಒಳಗಿಂದಲೂ ಒಂದು ಸಲ, ಅಷ್ಟೇ ಮೆಲ್ಲ, ತಟ್ಟಿದ ಸದ್ದು ಬಂತು.