ಕೂಲರಿನ ಕಿವಿ ಮತ್ತು ಮಾಸ್ತರ್ರ ಸೂಟಿ

ಸಾಲಿಗೆ ಸೂಟಿ ಬಿಟ್ಟಿತಂದ್ರ ಮಂದಿ ಮನ್ಯಾಗ ಹುಡುಗ್ರು ಗದ್ದಲ ಹಾಕತಾವ, ನಮ್ಮ ಮನ್ಯಾಗ ಮಾಸ್ತರ್ರು ಹಾಕತಾರ. ನಮ್ಮವರು ಸವದತ್ತಿಯ ಹೈಸ್ಕೂಲಿನಾಗ ಗಣಿತ ಕಲಸತಾರ. ಬ್ಯಾಸಗಿ ಸುರುವಾಗೂದ ತಡ, ಪಕ್ಕಡ, ಹತೋಡಿ, ಸ್ಕ್ರೂಡ್ರೈವರ್ ತುಂಬಿದ ತಗಡಿನ ಡಬ್ಬಿ ಅಟ್ಟದಿಂದ ಕೆಳಗ ಇಳೀತೈತಿ. ಅದರ ಸಪ್ಪಳ ಕೇಳಿದ ಕೂಡಲೇ ನಾನು ದೇವರ ಮುಂದ ಇನ್ನೊಂದು ದೀಪ ಹಚ್ಚತೇನಿ.

"ಮನ್ಯಾಗ ಗಂಡಸು ಇದ್ದಾಗ ಮಿಸ್ತ್ರಿ ಯಾಕ?" ಅನ್ನೂದು ಅವರ ವಾದ.

"ಮನ್ಯಾಗ ಗಂಡಸು ಅದಾನಂತನ ಮಿಸ್ತ್ರಿ ಬೇಕು" ಅನ್ನೂದು ನನ್ನ ವಾದ. ಲಗ್ನ ಆದಾಗಿಂದ ಈ ಖಟ್ಲೆ ನಡದೈತಿ, ಇನ್ನೂ ತೀರ್ಪು ಬಂದಿಲ್ಲ.

ಗಟ್ಟಿ ಖುರ್ಚಿ

ಹೋದ ವರ್ಷದ ಮಾತು ಮೊದಲ ಹೇಳಿಬಿಡತೇನಿ, ಯಾಕಂದ್ರ ಈ ವರ್ಷದ ಅಂಜಿಕಿ ಎಲ್ಲಾ ಅಲ್ಲಿಂದ ಹುಟ್ಟಿದ್ದು. ನಮ್ಮ ಮಗಳನ್ನ ನೋಡಾಕ ಬೈಲಹೊಂಗಲದಿಂದ ಒಂದು ಮನಿತನದವರು ಬಂದಿದ್ರು. ನಮ್ಮವರು ಕಾಲು ಮುರದಿದ್ದ ಖುರ್ಚಿಗೆ ತಾವ ಅಂಟು ಹಚ್ಚಿ, ಮೊಳಿ ಬಡದು ರಿಪೇರಿ ಮಾಡಿದ್ರು. ಹುಡುಗನ ಕಾಕಾ ಬಂದವರ ಅದರ ಮ್ಯಾಲನ ಕುಂತ್ರು. ನನಗ ಜೀವ ಬಾಯಿಗೆ ಬಂದಿತ್ತು. ಆದರ ಖುರ್ಚಿ ಅಲುಗಾಡಲಿಲ್ಲ. ಕಾಕಾ ಚಹಾ ಕುಡದ್ರು, ಉಪ್ಪಿಟ್ಟು ತಿಂದ್ರು, ಎಲ್ಲಾ ಸುಸೂತ್ರ.

ಸುಮ್ಮನ ಇರಬಾರದೇನ್ರಿ ಈ ಮನಷ್ಯಾ? "ಆ ಖುರ್ಚಿ ನಾನ ರಿಪೇರಿ ಮಾಡಿದ್ದು. ಹಂಗ ತುದಿಗೆ ಕುಂಡರಬ್ಯಾಡ್ರಿ, ಆರಾಮ ಹಿಂದ ಒರಗ್ರಿ, ಎಷ್ಟು ಗಟ್ಟಿ ಐತಿ ನೋಡ್ರಿ" ಅಂದ್ರು.

ಕಾಕಾ ಒರಗಿದ್ರು. ಕಾಲು ಮ್ಯಾಲ, ತಲಿ ಕೆಳಗ.

ಮರುದಿನ ಜಾತಕ ಹೊಂದಲಿಲ್ಲಂತ ಫೋನ್ ಬಂತು. ನಾವು ಜಾತಕಾನ ಕೊಟ್ಟಿರಲಿಲ್ಲ.

ಕೂಲರಿನ ಕಿವಿ

ಈ ವರ್ಷ ರಾಮದುರ್ಗದ ಮನಿತನ ಬಂತು. ಹುಡುಗಂದು ಔಷಧದ ಅಂಗಡಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ರು. ಮಗಳು ಬಾಯಿಬಿಟ್ಟು ಹೇಳಲಿಲ್ಲ ಖರೆ, ಆದರ ರೊಟ್ಟಿ ಬಡಿಯೂ ಮುಂದ ಹಾಡು ಗುನುಗಾಕ ಹತ್ತಿದ್ಲು, ತಾಯಿಗೆ ಅಷ್ಟು ಸಾಕು. ಇನ್ನ ಹುಡುಗನ ಅಪ್ಪ, ಅಜ್ಜಿ ಬಂದು ಮನಿತನ ನೋಡೂದೊಂದು ಬಾಕಿ. ಆ ಮನ್ಯಾಗ ಅಜ್ಜಿ ಮಾತ ಕಡೀ ಮಾತಂತ.

ಮಗಳು ಅಪ್ಪನ ಮುಂದ ಕೈ ಜೋಡಿಸಿದ್ಲು. "ಅಪ್ಪಾ, ಅವರು ಬಂದು ಹೋಗೂತನಾ ಮನ್ಯಾಗ ಏನೂ ರಿಪೇರಿ ಮಾಡಬ್ಯಾಡ. ಈ ಮನಿತನಾನೂ ತಪ್ಪಿತಂದ್ರ ನಾನು ಇನ್ನೊಮ್ಮೆ ಚಹಾದ ತಬಕ ಹಿಡಿಯಾಕಿ ಅಲ್ಲ."

"ಹುಚ್ಚಿ, ನಾ ಏನ್ ಮಾಡತೇನಿ?" ಅಂದ್ರು. ಸೂಟಿ ಬಿಟ್ಟ ದಿನ ಸಾಲಿಯಿಂದ ಬಂದವರು, ಮೈಮ್ಯಾಲಿನ ಹೊಸಾ ಸಫಾರಿ ಅಂಗಿ ಸೈತ ಕಳೀಲಿಲ್ಲ, ಪಡಸಾಲ್ಯಾಗಿನ ಕೂಲರ್ ಬಿಚ್ಚಿಕೊಂಡು ಕುಂತ್ರು. ಬೀಗರಿಗೆ ಸೆಕಿ ಆಗಬಾರದಂತ!

ಜೋಡಿಸೂದು ಮುಗಿದಾಗ ಕೂಲರ್ ಓಡಿತು. ಆದರ ಗಾಳಿ ಹೆಚ್ಚು ಕಡಿಮಿ ಮಾಡಾಕ ತಿರುವತಾರಲ್ಲ, ಆ ನಾಬ್ ಇಲ್ಲ. ನಮ್ಮ ಅತ್ತಿಯವರು ಅದಕ್ಕ ಕೂಲರಿನ ಕಿವಿ ಅಂತಾರ, ಹಿಂಡಿದ್ರ ಮಾತು ಕೇಳತೈತಿ ಅಂತ. ಕಿವಿ ಇಲ್ಲದ ಕೂಲರ್ ಯಾರ ಮಾತೂ ಕೇಳಲಿಲ್ಲ. ಓಡಿದ್ರ ಬಿರುಗಾಳಿ, ಇಲ್ಲಂದ್ರ ಬಂದ್. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಹಾರಿ ಅಡಗಿಮನಿಗೆ ಬಂತು.

ಮಂಚದ ಕೆಳಗ, ಕಸದ ಬುಟ್ಟ್ಯಾಗ, ಹಿಟ್ಟಿನ ಡಬ್ಬ್ಯಾಗ ಎಲ್ಲಾ ಹುಡುಕಿದ್ವಿ. ಕಡೀಕ ನಮ್ಮವರು ನನ್ನ ಕಡೆ ಹೊಳ್ಳಿ ಅಂದ್ರು, "ನೀ ಅದನ್ನ ಸಾರಿನಾಗ ಏನರ ಹಾಕಿದಿ ಏನು ನೋಡು."

ಮಾಳಿಗಿ ಮ್ಯಾಲ ಸುಣ್ಣ

ಮಗಳು ಸಿಟ್ಟಿಗೆದ್ದು ತಗಡಿನ ಡಬ್ಬಿಗೆ ಕೀಲಿ ಹಾಕಿದ್ಲು. ಕೀಲಿ ಕೈ ಕೊರಳಾಗಿನ ದಾರಕ್ಕ ಕಟ್ಟಿಕೊಂಡ್ಲು. ಆದರ ಸುಣ್ಣ ಹಚ್ಚಾಕ ಪಕ್ಕಡ ಬೇಕೇನ್ರಿ? ಬ್ಯಾಸಗ್ಯಾಗ ಮಾಳಿಗಿಗೆ ಬಿಳೇ ಸುಣ್ಣ ಹಚ್ಚಿದ್ರ ಕೆಳಗ ಮನಿ ತಂಪಿರತೈತಿ ಅಂತ ನಮ್ಮವರು ಬಕೀಟು ಹಿಡಕೊಂಡು ಮ್ಯಾಲ ಹತ್ತಿದ್ರು. ನಾವೂ ಸುಮ್ಮನಾದ್ವಿ. ಸುಣ್ಣದಾಗ ಮುರಿಯೂ ಅಂಥಾದ್ದು ಏನೈತಿ?

ಮಧ್ಯಾಹ್ನ ಮ್ಯಾಲಿಂದ ನನ್ನ ಹೆಸರು ಹಿಡದು ಕೂಗಾಕ ಹತ್ತಿದ್ರು. ಹೋಗಿ ನೋಡತೇನಿ, ನಿಚ್ಚಣಿಕಿ ಬಾಯಿಂದ ಸುರು ಮಾಡಿ, ಚಂದಂಗಿ ಹಚ್ಚಕೋತ ಹಚ್ಚಕೋತ ಹೋಗಿ, ಆ ಕಡೀ ಮೂಲ್ಯಾಗ ನಿಂತಾರ. ಸುತ್ತೂ ಹಸಿ ಸುಣ್ಣ, ಕೆಳಗ ಸುಡೂ ನೆಲ. ಒಂದು ಕಾಲು ಎತ್ತತಾರ, ಒಂದು ಇಡತಾರ, ಕೊಕ್ಕರೆ ನಿಂತಂಗ.

"ಹಸೀ ಸುಣ್ಣ ತುಳದು ಬರ್ರಿ" ಅಂದೆ.

"ತುಳದ್ರ ಕೆಡತೈತಿ!" ಅಂದ್ರು. ಹಂಗಂದು ಬಾಜೂ ಮನಿ ಮಾಳಿಗಿಗೆ ದಾಟಿದ್ರು. ಅಲ್ಲಿ ಆ ಮನಿ ಸೊಸಿ ಹಳೇ ಸೀರಿ ಹಾಸಿ ಸಂಡಗಿ ಇಟ್ಟಿದ್ಲು. ನಮ್ಮ ಮಾಳಿಗಿ ಕೆಡಲಿಲ್ಲ. ಅವಳ ಸಂಡಗಿ ಮ್ಯಾಲ ಬಿಳೇ ಹೆಜ್ಜಿ ಮೂಡಿ ಕುಂತ್ವು.

ಆ ಸೊಸಿ ಇವರ ಕೈಯಾಗ ಕಲತಾಕಿ, ಬೈಯೂ ಹಂಗಿಲ್ಲ. ಸೊಂಟದ ಮ್ಯಾಲ ಕೈ ಇಟ್ಟು ನಿಂತು ಒಂದ ಮಾತು ಅಂದ್ಲು, "ಸರ, ಕಡೀಕ ಎಲ್ಲಿ ಬರತೀ ಅನ್ನೂದು ನೋಡಿ ಲೆಕ್ಕ ಸುರು ಮಾಡು ಅಂತ ನಮಗ ನೀವ ಹೇಳತಿದ್ರಿ ಅಲ್ರಿ?"

ಕೌದಿಯ ತುತ್ತು

ಮನ್ಯಾಗ ಇವರು ಹಿಂಗ ತಿರಗಾಡೂ ಮುಂದ ಅಂಗಳದಾಗ ನಮ್ಮ ಅತ್ತಿಯವರ ಕೆಲಸ ಬ್ಯಾರೆ ನಡದಿತ್ತು. ಬ್ಯಾಸಗಿ ಬಂತಂದ್ರ ಅವರು ಹಳೇ ಅರವಿ ಎಲ್ಲಾ ಹರವಿ, ಓಣಿ ಹೆಣಮಕ್ಕಳನ್ನ ಕರದು ಕೌದಿ ಹೊಲಿಯಾಕ ಕುಂಡರತಾರ. ಈ ಸಲ ಬೀಗರನ್ನ ಹೊಸಾ ಕೌದಿ ಮ್ಯಾಲ ಕುಂಡರಿಸಬೇಕಂತ ಅವರ ಹಟ.

ಅವರದೊಂದು ಪದ್ಧತಿ ಐತಿ. ಕೌದಿ ಉಪವಾಸ ಇರಬಾರದಂತ ನಡಬರಕ ಒಂದು ತುತ್ತು ಇಟ್ಟು ಹೊಲೀತಾರ, ರೊಟ್ಟಿ ಚೂರೋ ಬೆಲ್ಲದ ಹಳಕೋ. ಹೊಲಿಯೂ ಮುಂದ ಬಾಜೂ ಮನಿ ಸೊಸಿ ಕೈಗೆ ಏನೋ ಗಟ್ಟಿ ಹತ್ತಿತಂತ, ಅತ್ತಿಯವರು ಇಟ್ಟ ಬೆಲ್ಲ ಇರಬೇಕಂತ ಸುಮ್ಮನಾದ್ಲು. ಅತ್ತಿಯವರ ಕೈಗೂ ಹತ್ತಿತಂತ, ಸೊಸಿ ಇಟ್ಟಾಳ ಅಂತ ಅವರೂ ಸುಮ್ಮನಾದ್ರು.

"ಈ ಸಲ ಕೌದಿ ಹೊಟ್ಟಿ ತುಂಬ ಉಂಡೈತಿ ನೋಡವಾ" ಅಂತ ನನಗ ಹೆಮ್ಮಿಲೆ ತೋರಿಸಿದ್ರು. ನಾನೂ ಮುಟ್ಟಿ ನೋಡಿ, ಹೌದ್ರಿ ಅತ್ತಿ ಅಂದೆ.

ಬೀಗರು ಬಂದ್ರು

ಬೀಗರು ಬರೂ ದಿನ ಮುಂಜಾನೆಯಿಂದ ಇವರದೊಂದ ಹಾಡು. "ನನ್ನ ಸಫಾರಿ ಅಂಗಿ ಎಲ್ಲೈತಿ?" ಇಸ್ತ್ರಿ ಅಂಗಡಿಯವನ್ನ ಕೇಳಿದ್ವಿ, ಇಲ್ಲ. ಕಪಾಟು ತೆಗದು ನೋಡಿದ್ವಿ, ಇಲ್ಲ. ಅಷ್ಟೊತ್ತಿಗೆ ಬಾಗಲಾಗ ಗಾಡಿ ಬಂದು ನಿಂತಿತು. ನಮ್ಮವರು ಕೈಗೆ ಸಿಕ್ಕ ಅಂಗಿ ಹಾಕ್ಕೊಂಡು, "ಬರ್ರಿ ಬರ್ರಿ, ಕುಂಡರ್ರಿ" ಅಂತ ಓಡಿದ್ರು.

ಹುಡುಗನ ಅಪ್ಪ ಖುರ್ಚಿ ಮ್ಯಾಲ ಕುಂತ್ರು. ಹೊಸಾ ಖುರ್ಚಿ, ನಾನ ಹೋಗಿ ತಂದದ್ದು. ಅತ್ತಿಯವರು ಮಂಚದ ಮ್ಯಾಲ ಹೊಸಾ ಕೌದಿ ಹಾಸಿ ಅಜ್ಜಿನ್ನ ಕುಂಡರಿಸಿದ್ರು. ಎಲ್ಲರೂ ಬೆವತು ನೀರಾಗಿದ್ರು. ಕೂಲರ್ ಹಚ್ಚದ ಗತಿ ಇಲ್ಲ, ಹಚ್ಚಿದೆ. ಅಜ್ಜಿ ತಲಿ ಮ್ಯಾಲಿನ ಸೆರಗು ಹಾರಿತು. ಹುಡುಗನ ಅಪ್ಪನ ಟೊಪ್ಪಿಗಿ ಅಡಗಿಮನಿ ಬಾಗಲಿಗೆ ಹೋತು. ತಾಟಿನ್ಯಾಗಿನ ಚುರುಮರಿ ಅರ್ಧ ಅವರ ಮೈಮ್ಯಾಲ, ಅರ್ಧ ದೇವರ ಫೋಟೋ ಮ್ಯಾಲ.

ನಮ್ಮವರು ಮಾತ್ರ ಇದ್ಯಾವುದನ್ನೂ ನೋಡವಲ್ರು. ಕಣ್ಣು ಅರಳಿಸಿ ಅಜ್ಜಿ ಕುಂತ ಜಾಗಾ ನೋಡಾಕ ಹತ್ಯಾರ. ನಾನೂ ನೋಡಿದೆ. ಕೌದಿಯ ನಟ್ಟ ನಡಬರಕ, ಅಂಚಿಗೆ ಕೆಂಪು ದಾರ ಹೊಡಿಸಿಕೊಂಡು, ಕಿಸೆ ಸಮೇತ ಅವರ ಸಫಾರಿ ಅಂಗಿ! ಕೂಲರಿನ ಎಣ್ಣಿ ಕಲಿ ಆಗಿದ್ದು ನೋಡಿ ಅತ್ತಿಯವರು ಅದನ್ನ ಹಳೇ ಅರವ್ಯಾಗ ಒಗದಿದ್ರು.

"ಯಾಕ ತಮ್ಮಾ, ನನ್ನ ಕೆಳಗ ಏನ್ ನೋಡಾಕತ್ತೀ?" ಅಂದ್ರು ಅಜ್ಜಿ. ಇವರು ಬೆಬ್ಬೆಬ್ಬೆ ಅಂದ್ರು.

ಅಜ್ಜಿ ಒಮ್ಮೆ ಎಡಕ ಸರದ್ರು, ಒಮ್ಮೆ ಬಲಕ ಸರದ್ರು. "ಏನವಾ, ಸವದತ್ತ್ಯಾಗ ಕೌದಿಗೆ ತುತ್ತು ಇಡತೀರೋ, ಬೆಲ್ಲದ ಅಚ್ಚ ಇಡತೀರೋ? ಚುಚ್ಚಾಕತ್ತೈತಿ" ಅಂತ ಕಿಸೆದೊಳಗ ಕೈ ಹಾಕಿ ಎಳದ್ರು. ಹೊರಗ ಬಂದದ್ದು ಕೂಲರಿನ ಕಿವಿ.

"ಸಿಕ್ಕಿತು! ಕಳೀಬಾರದಂತ ಕಿಸೆದಾಗ ನಾನ ಇಟ್ಟಿದ್ದೆ!" ಅಂತ ಇವರು ಅಜ್ಜಿ ಕೈಯಿಂದ ಅದನ್ನ ಕಸಗೊಂಡು ಓಡಿ ಹೋಗಿ ಕೂಲರಿಗೆ ಸಿಗಸಿ ತಿರುವಿದ್ರು. ಬಿರುಗಾಳಿ ನಿಂತಿತು. ಅಡಗಿಮನಿ ಬಾಗಲಾಗ ಮಗಳು ಚಹಾದ ತಬಕ ಹಿಡಕೊಂಡು ನಿಂತಿದ್ಲು, ಕಣ್ಣಾಗ ನೀರು. ಮುಗೀತು ಬಿಡು, ಇದೂ ತಪ್ಪಿತು ಅಂದ್ಕೊಂಡೆ.

ಆಗ ಅಜ್ಜಿ ನಕ್ಕರು ನೋಡ್ರಿ. ಸೆರಗು ಬಾಯಿಗಿಟ್ಟು, ಮಂಚ ಅಲುಗಾಡೂ ಹಂಗ ನಕ್ಕರು. ಮಗಳನ್ನ ಹತ್ತರ ಕರದು, "ಬಾರವಾ ನನ್ನ ಕೂಸ. ಇಂಥಾ ಅಪ್ಪನ್ನ ಸಂಬಾಳಿಸೀದಿ ಅಂದ್ರ ನಮ್ಮ ಮನಿ ನಿನಗೇನೂ ಭಾರ ಆಗೂದಿಲ್ಲ. ಅಲ್ಲಿ ನೋಡು" ಅಂತ ತಮ್ಮ ಮಗನ ಕಡೆ ಬಟ್ಟು ತೋರಿಸಿದ್ರು.

ಹುಡುಗನ ಅಪ್ಪ ಯಾವಾಗ ಖುರ್ಚಿ ಬಿಟ್ಟು ಎದ್ದಿದ್ರೋ ಏನೋ. ಕೂಲರಿನ ಮುಂದ ಕುಕ್ಕರಗಾಲಿಲೆ ಕುಂತು ಕಿವಿಗೊಟ್ಟು ಕೇಳಾಕ ಹತ್ತಿದ್ರು. "ಬೀಗರ, ಇದರ ಪಂಪಿನ ಸಪ್ಪಳ ಸರಿ ಇಲ್ರಿ. ಪಕ್ಕಡ ಐತೇನು? ಮನ್ಯಾಗ ಗಂಡಸ್ರು ಇದ್ದಾಗ ಮಿಸ್ತ್ರಿ ಯಾಕ?"

ನಮ್ಮವರು ಮಗಳ ಮುಂದ ಕೈ ಚಾಚಿದ್ರು. ಮಗಳು ಕಣ್ಣು ಒರಸಿಕೋತ, ನಕ್ಕೋತ ಕೊರಳಾಗಿನ ಕೀಲಿ ಕೈ ಬಿಚ್ಚಿ ಕೊಟ್ಲು. ಒಳಗ ನಾವು ಹೆಣಮಕ್ಕಳು ಬೀಸಣಿಕಿಲೆ ಗಾಳಿ ಹಾಕ್ಕೋತ ಲಗ್ನದ ಮಾತು ಮುಗಿಸಿದ್ವಿ, ಹೊರಗ ಬೀಗರಿಬ್ಬರೂ ಕೂಡಿ ಕೂಲರ್ ಪೂರಾ ಬಿಚ್ಚಿದ್ರು.

ಅವರು ಹೋದ ಮ್ಯಾಲ ನೋಡಿದ್ರ ಮತ್ತ ಕಿವಿ ಇಲ್ಲ! ಮರುದಿನ ಮುಂಜಾನೆ ರಾಮದುರ್ಗದಿಂದ ಫೋನ್ ಬಂತು. ಜಾತಕದ ಮಾತು ತೆಗೀತಾರೇನೋ ಅಂತ ಅಂಜಿದೆ.

"ಬೀಗರ," ಅಂದ್ರು ಹುಡುಗನ ಅಪ್ಪ, ದನಿ ಸಣ್ಣದು ಮಾಡಿ, "ನಿಮ್ಮ ಕೂಲರಿನ ಕಿವಿ, ಕಳೀಬಾರದಂತ, ನಾನ ನನ್ನ ಕಿಸೆದಾಗ ಇಟ್ಟಕೊಂಡಿದ್ದೆ ನೋಡ್ರಿ. ಕಿವಿ ಎಲ್ಲೈತಿ ಅನ್ನೂದು ಗೊತ್ತೈತಿ, ಅದರ ಚಿಂತಿ ಬಿಡ್ರಿ. ಆದರ ಅಂಗಿ ಸಿಗವಲ್ದು. ನಿಮ್ಮ ಮನಿ ಕೌದಿ ನೋಡಿ ಬಂದ ನಮ್ಮವ್ವ ಮುಂಜಾನೆ ಎದ್ದವಳ ಸೂಜಿ ದಾರ ಹಿಡದು ಕುಂತಾಳ್ರಿ!"