ಅಂಗೀಕೃತ ಮುಖ

ನಮ್ಮ ನಿರ್ದೇಶಕರ ಮುಖ ಹಸಿರು ಬಣ್ಣದ್ದೆಂದು ಪರಿಶೀಲನಾ ಸಮಿತಿಯು ಸರ್ವಾನುಮತದಿಂದ ಅಂಗೀಕರಿಸಿದೆ. ಆ ಮುಖ ಬರೆದವನು ನಾನೇ.

ಹಳ್ಳಿಯಲ್ಲಿದ್ದಾಗ ನಾನು ಬರೆದ ಹಸುವಿನ ಕೆಚ್ಚಲಿಗೆ ನಿಜವಾದ ಕರು ಬಾಯಿ ಹಾಕಿತ್ತು. ಅಂಥ ಕೈಗೆ ನಿರ್ದೇಶಕರ ತೈಲಚಿತ್ರ ಸಿಕ್ಕಿತು. ಚಿತ್ರದ ಮೂಲೆಯಲ್ಲಿ ನನ್ನ ಹೆಸರು. ಕಟ್ಟಡ ಬೀಳುವವರೆಗೂ ಅದು ಗೋಡೆಯ ಮೇಲಿರುತ್ತದೆ.

ಎಣ್ಣೆಬಣ್ಣದಲ್ಲಿ ಚರ್ಮಕ್ಕೆ ಜೀವ ಬರಬೇಕಾದರೆ ಅಡಿಯಲ್ಲಿ ಹಸಿರು ಪದರ ಕೊಟ್ಟು ಒಣಗಲು ಬಿಡಬೇಕು. ಅದರ ಮೇಲೆ ಕೆಂಪು, ಹಳದಿ ತೆಳ್ಳಗೆ ಎಳೆದರೆ ರಕ್ತ ಹರಿದಂತೆ ಕಾಣುತ್ತದೆ. ರೇಷ್ಮೆ ಶಾಲು ಆಗಲೇ ಮುಗಿದಿತ್ತು. ಮುಖ ಒಣಗುತ್ತಿದ್ದ ದಿನ ಸಮಿತಿ ಬಂತು.

ಅಧ್ಯಕ್ಷತೆ ವಹಿಸಿದ್ದ ಅಧೀಕ್ಷಕರು ಶಾಲಿನ ಮಡಿಕೆಯೊಳಗೆ ಬೆರಳು ತೂರಿಸಲು ಹೋದರು. ಬೆರಳು ನೀಲಿಯಾಯಿತು. "ಬಟ್ಟೆ ನೈಜವಾಗಿದೆ, ಆದರೆ ಬಣ್ಣ ಬಿಡುತ್ತದೆ" ಎಂದು ಷರಾ ಬರೆಸಿದರು.

"ಸಾರ್, ಮುಖ ಇನ್ನೂ ಮುಗಿದಿಲ್ಲ. ಇದು ಬರೀ ಅಡಿಪದರ."

"ತಪಾಸಣೆ ಒಂದೇ ಸಲ ಕಣಯ್ಯ. ಮೊಹರು ಬಿದ್ದ ಮೇಲೆ ಕುಂಚ ತಾಗಿಸಿದರೆ ಕಚೇರಿ ಆಸ್ತಿಗೆ ಹಾನಿ. ಜೈಲು."

"ಸಾಹೇಬರ ಮುಖ ಹಸಿರಾ ಸಾರ್?"

"ನನಗೇನು ಗೊತ್ತು? ಹದಿನೆಂಟು ವರ್ಷದಿಂದ ಅವರ ಪಾದ ನೋಡ್ಕೊಂಡೇ ಮಾತಾಡಿದ್ದೀನಿ."

ಮೊಹರು ಬಿತ್ತು. ಅರೆಬೆಂದ ಮುಖದ ಕೆಳಗೆ ನನ್ನ ಹೆಸರು ಉಳಿಯಿತು. ಅದನ್ನು ಹೆಬ್ಬಾಗಿಲಲ್ಲಿ ತೂಗುಹಾಕಿ, ಚಿತ್ರಕ್ಕೆ ಹೋಲದ ಯಾರನ್ನೂ ನಿರ್ದೇಶಕರೆಂದು ಒಳಬಿಡಬಾರದೆಂಬ ಸುತ್ತೋಲೆ ಹೊರಡಿಸಲಾಯಿತು. ಓದದೆ ಸಹಿ ಹಾಕಿದವರು ನಿರ್ದೇಶಕರೇ.

ಮರುದಿನ ಕಾವಲುಗಾರ ಅವರನ್ನು ತಡೆದ. "ಚಿತ್ರದಲ್ಲಿರೋ ಸಾಹೇಬರು ಬರಲಿ, ಬಿಡ್ತೀನಿ. ನೀವು ಪಕ್ಕಕ್ಕೆ ನಿಲ್ಲಿ ಸ್ವಾಮಿ."

ಮೂರು ದಿನ ಕುರ್ಚಿ ಖಾಲಿಯಿದ್ದರೆ ಅದು ಅಧೀಕ್ಷಕರಿಗೆ ಸೇರಬೇಕೆಂದು ನಿಯಮ. ಎರಡನೆಯ ದಿನ ನಿರ್ದೇಶಕರು ಕಚೇರಿಯ ಹೊರಗಿದ್ದ ನನ್ನ ಕೋಣೆಗೆ ಬಂದರು.

"ತಮ್ಮಾ, ಚಿತ್ರ ಸರಿ ಮಾಡು."

"ಮುಟ್ಟಿದರೆ ಜೈಲು ಸಾರ್."

ಅವರು ಸ್ಟೂಲಿನ ಮೇಲೆ ಕುಳಿತು ಯೋಚಿಸಿದರು. "ಹಾಗಾದರೆ ನನ್ನನ್ನೇ ಸರಿ ಮಾಡು."

ಅಂದಿನಿಂದ ದಿನಾ ಬೆಳಿಗ್ಗೆ ಅವರ ಮುಖಕ್ಕೆ ನಾಟಕದ ಹಸಿರು ಬಳಿಯುತ್ತೇನೆ. ಒಣಗುವವರೆಗೆ ನಗುವಂತಿಲ್ಲ, ಅದು ಅವರಿಗೆ ಅಭ್ಯಾಸವಿದೆ. ಕಳೆದ ವಾರ ಮುಖ ತೊಳೆದು ಮನೆಗೆ ಹೋದಾಗ ಅವರ ಹೆಂಡತಿ, "ಯಾಕ್ರೀ, ಬಣ್ಣಗೆಟ್ಟಿದ್ದೀರಿ?" ಎಂದು ಡಾಕ್ಟರನ್ನು ಕರೆಸಿದರಂತೆ.

ಕುರ್ಚಿ ಕೈತಪ್ಪಿದ ಅಧೀಕ್ಷಕರು ಮೊನ್ನೆ ಮೊದಲ ಬಾರಿಗೆ ತಲೆಯೆತ್ತಿ ಸಾಹೇಬರನ್ನು ನೋಡಿದರು; ಆಮೇಲೆ ಚಿತ್ರವನ್ನು ನೋಡಿದರು.

"ಏನು ಕೈಯಯ್ಯಾ ನಿಂದು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದರು.

ನಾನು ಇಲ್ಲವೆನ್ನಲಿಲ್ಲ.