ಮುಕುಂದನಿಗೆ ಮೆಚ್ಚಿದ ವಾಸನೆ

ನಾಯಿ ಸಾಕಿದವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಅವರ ನಾಯಿಯ ಬುದ್ಧಿವಂತಿಕೆಯ ಕಥೆಗಳು ಶುರುವಾಗುತ್ತವೆ. ಕೈ ಕೊಡು ಅಂದರೆ ಕೊಡುತ್ತದೆ, ಫೋನಿನಲ್ಲಿ ಯಜಮಾನರ ದನಿ ಕೇಳಿದರೆ ಬಾಲ ಆಡಿಸುತ್ತದೆ, ಭಾನುವಾರ ಬಂದದ್ದು ಅದಕ್ಕೆ ತಾನಾಗಿ ಗೊತ್ತಾಗುತ್ತದೆ. ಆದರೆ ಅದು ಬೀದಿಯಲ್ಲಿ ಏನು ತಿನ್ನುತ್ತದೆ, ಯಾವುದರ ಮೇಲೆ ಹೊರಳಾಡಿ ಮನೆಗೆ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಹೆಣ್ಣು ನೋಡಲು ಹೋದವರು ಹುಡುಗನ ಗೊರಕೆಯ ವಿಷಯ ಎತ್ತುತ್ತಾರೆಯೇ, ಹಾಗೆ. ನಾನೂ ಹೀಗೆಯೇ ಇದ್ದೆ. ನಮ್ಮ ನಾಯಿ ಮೊಸರನ್ನ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ ಎಂದು ಟಿ. ನಗರದ ನಮ್ಮ ಇನ್ಶೂರೆನ್ಸ್ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಹೇಳಿಕೊಳ್ಳುತ್ತಿದ್ದೆ. ಕೇಳಿದವರು ಸಂಸ್ಕಾರ ಎಂದರೆ ಇದಪ್ಪಾ ಎಂದು ತಲೆದೂಗುತ್ತಿದ್ದರು. ಆ ಸಂಸ್ಕಾರದ ನಿಜಸ್ಥಿತಿಯನ್ನು ಇವತ್ತು ಹೇಳಿಬಿಡುತ್ತೇನೆ.

ನಾವು ಮೂಲತಃ ಮೈಸೂರಿನ ಕಡೆಯವರು. ಅಪ್ಪ ಬ್ಯಾಂಕಿನ ಕೆಲಸದ ಮೇಲೆ ಚೆನ್ನೈಗೆ ಬಂದು ವೆಸ್ಟ್ ಮಾಂಬಲಂನಲ್ಲೇ ಬೇರು ಬಿಟ್ಟರು. ಈಗ ಅವರಿಲ್ಲ. ಮೇಲಿನ ಮಹಡಿಯ ಫ್ಲ್ಯಾಟಿನಲ್ಲಿ ನಾನು, ಹೆಂಡತಿ ವೀಣಾ, ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಮಗಳು ಅನಘಾ, ಮತ್ತು ಮಡಿ-ಮೈಲಿಗೆಯಲ್ಲಿ ಇವತ್ತಿಗೂ ರಾಜಿ ಇಲ್ಲದ ನಮ್ಮ ಅಮ್ಮ ಇದ್ದೇವೆ. ಈ ಸಂಸಾರಕ್ಕೆ ಅನಘಾ ಒಂದು ದಿನ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಸಿಕ್ಕ ಕಂದು ಬಣ್ಣದ ಮರಿಯೊಂದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದಳು. ಅದಕ್ಕೆ ಮಫಿನ್ ಎಂದು ಹೆಸರನ್ನೂ ಇಟ್ಟಿದ್ದಳು. ಹಾಗೆಂದರೇನು ಎಂದು ಅಮ್ಮ ವಿಚಾರಿಸಿದರು. ಮೊಟ್ಟೆ ಹಾಕಿ ಮಾಡುವ ಒಂದು ತಿಂಡಿ ಎಂದು ಗೊತ್ತಾದ ಮೇಲೆ, ಅಂಥದ್ದನ್ನೆಲ್ಲ ತಾನು ಬಾಯಲ್ಲಿ ಹೇಳುವುದಿಲ್ಲ ಎಂದು ಮುಕುಂದ ಅಂತ ಕರೆದರು. ಮರಿಗೂ ಅದೇ ಹಿಡಿಸಿತು. ಮುಕುಂದ ಅಡುಗೆಮನೆಯ ಹೊಸ್ತಿಲು ದಾಟಬಾರದು, ಅಮ್ಮನ ಮಡಿ ಸೀರೆ ಒಣಗುವ ಬಾಲ್ಕನಿಗೆ ಕಾಲಿಡಬಾರದು, ಈ ಎರಡು ಷರತ್ತಿನ ಮೇಲೆ ಅವನಿಗೆ ಮನೆಯಲ್ಲಿ ಜಾಗ ಸಿಕ್ಕಿತು. ಅವನು ಎರಡನ್ನೂ ಚಾಚೂ ತಪ್ಪದೆ ಪಾಲಿಸಿದ. ಹೊಸ್ತಿಲಿನ ಈಚೆ ಮಲಗಿ, ಅಮ್ಮ ಎಸೆಯುವ ದೋಸೆಯ ಚೂರನ್ನು ಗಾಳಿಯಲ್ಲೇ ಹಿಡಿಯುತ್ತಿದ್ದ. ನಾನು ನೋಡದಿರುವಾಗ ಅಮ್ಮ ಅವನ ಜೊತೆ ಮಾತಾಡುತ್ತಿದ್ದುದೂ ಉಂಟು.

ತೊಂದರೆ ಇದ್ದದ್ದು ಮನೆಯ ಹೊರಗೆ. ಸಂಜೆ ವಾಕಿಂಗಿಗೆ ಕರೆದುಕೊಂಡು ಹೋದರೆ ಮುಕುಂದನ ಮೂಗು ನೆಲ ಬಿಟ್ಟು ಏಳುತ್ತಿರಲಿಲ್ಲ. ಕಾಗೆ ಬೀಳಿಸಿದ ಕೋಳಿಮೂಳೆ, ಎಣ್ಣೆ ಹತ್ತಿದ ಬಜ್ಜಿ ಕಾಗದ, ಹಸುವಿನ ಸಗಣಿ, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆ ಪಕ್ಕದ ಮರಳಿನಲ್ಲಿ ಬೆಕ್ಕು ಗುಟ್ಟಾಗಿ ಹೂತಿಟ್ಟು ಹೋದದ್ದು, ಇವೆಲ್ಲ ಅವನಿಗೆ ಪಂಚಭಕ್ಷ್ಯ. ಬಾಯಿಗೆ ಕೈ ಹಾಕಿ ತೆಗೆಯಬಾರದು, ಅದಕ್ಕಿಂತ ರುಚಿಯಾದದ್ದನ್ನು ತೋರಿಸಿ ಬಿಡಿಸಬೇಕು ಎಂದು ಅನಘಾ ಫೋನಿನಲ್ಲಿ ನೋಡಿ ಕಲಿಸಿದಳು. ಸರಿ, ಜೇಬಿನಲ್ಲಿ ಚಕ್ಕುಲಿ ಮುರಿದು ತುಂಬಿಕೊಂಡೆ. ಮುಕುಂದ ಮೂಳೆ ಉಗುಳಿದ, ಚಕ್ಕುಲಿ ತಿಂದ. ನನಗೆ ಎಲ್ಲಿಲ್ಲದ ಹೆಮ್ಮೆ. ಒಂದು ವಾರ ಕಳೆಯುವುದರೊಳಗೆ ಅವನು ಈ ವ್ಯವಹಾರದ ಮರ್ಮ ತಿಳಿದುಕೊಂಡ. ಚಕ್ಕುಲಿ ಬೇಕೆನಿಸಿದಾಗಲೆಲ್ಲ ಎಲ್ಲಿಂದಲೋ ಒಂದು ಹೊಲಸನ್ನು ಹುಡುಕಿ ಕಚ್ಚಿಕೊಂಡು ಬಂದು ನನ್ನ ಎದುರು ನಿಲ್ಲತೊಡಗಿದ. ಸಿಕ್ಕದಿದ್ದರೆ ನನ್ನನ್ನು ಎಳೆದುಕೊಂಡು ಹುಡುಕುತ್ತಿದ್ದ. ಬೀದಿಯ ಹೊಲಸಿಗೆ ಬೆಲೆ ಕಟ್ಟಿದವನು ನಾನೇ ಆದೆ.

ತಿನ್ನುವುದನ್ನಾದರೂ ಸಹಿಸಬಹುದು, ಅದು ಹೊಟ್ಟೆಯೊಳಗೆ ಹೋಗಿ ಕಾಣೆಯಾಗುತ್ತದೆ. ಮೈಗೆ ಹಚ್ಚಿಕೊಂಡದ್ದು ಮನೆಗೆ ಬರುತ್ತದೆ. ಮೊದಲು ಮೂಗು ಕೆಳಗಿಳಿಯುತ್ತದೆ. ಆಮೇಲೆ ಒಂದು ಭುಜ ಬಗ್ಗುತ್ತದೆ. ಅಷ್ಟರಲ್ಲಿ ಸರಪಳಿ ಜಗ್ಗಿದರೆ ಬಚಾವು. ಒಂದು ಕ್ಷಣ ತಡವಾಯಿತೋ, ಕುತ್ತಿಗೆ, ಬೆನ್ನು, ಸೊಂಟ ಎಲ್ಲವನ್ನೂ ಅದರಲ್ಲಿ ಹೊರಳಿಸಿ, ನಾಲ್ಕೂ ಕಾಲು ಆಕಾಶಕ್ಕೆ ಎತ್ತಿ, ಕಣ್ಣು ಮುಚ್ಚಿಕೊಂಡು ಅವನು ಪರಮಾನಂದದಲ್ಲಿರುತ್ತಾನೆ. ಮೊದಲ ಸಲ ಹೀಗಾದಾಗ ನಾನು ಹೆದರುತ್ತಲೇ ಬಾಗಿಲು ತಟ್ಟಿದೆ. ಅಮ್ಮ ಮೂಗಿಗೆ ಸೆರಗು ಹಿಡಿದು, "ಹಸೂದೋ ಎಮ್ಮೇದೋ?" ಅಂದರು. ಹಸುವಿನದು ಎಂದೆ. "ಹಾಗಾದ್ರೆ ಮೈಲಿಗೆ ಏನು ಬಂತು? ಕಾಲು ತೊಳ್ಸಿ ಒಳಕ್ಕೆ ಬಿಡು," ಎಂದು ಹೋಗಿಬಿಟ್ಟರು. ಮನೆಯನ್ನೇ ಶುದ್ಧ ಮಾಡುವ ವಸ್ತುವಿನಿಂದ ನಾಯಿ ಅಶುದ್ಧವಾಗುವುದು ಹೇಗೆ ಎಂಬುದು ಅವರ ತರ್ಕ. ಎಮ್ಮೆಯದಾದರೆ ಪೂರ್ತಿ ಸ್ನಾನ. ಹೀಗಾಗಿ ನಾನು ದಿನವೂ ಬಾಗಿಲಲ್ಲಿ ನಿಂತು, ಎಷ್ಟು ಓದಿಕೊಂಡರೂ ಪ್ರಯೋಜನಕ್ಕೆ ಬಾರದ ಈ ವಿಷಯದಲ್ಲಿ ಸಾಕ್ಷಿ ನುಡಿಯಬೇಕಾಗುತ್ತಿತ್ತು.

ಆದರೆ ಮುಕುಂದ ಸಗಣಿಯಲ್ಲೇ ನಿಲ್ಲಲಿಲ್ಲ. ರೈಲ್ವೆ ಲೈನಿನ ಪಕ್ಕದ ಮಾರ್ಕೆಟ್ಟಿನಲ್ಲಿ ಒಣಮೀನು ಮಾರುವವರು ಸಂಜೆ ಎಸೆದುಹೋಗುವ ಚೂರುಗಳನ್ನು ಕಂಡುಕೊಂಡ. ಒಣಮೀನಿಗೆ ಇಲ್ಲಿ ಕರುವಾಡು ಅನ್ನುತ್ತಾರೆ. ಅದು ನಾಲ್ಕು ದಿನ ಹಳೆಯದಾಗಿ, ಮಳೆಯಲ್ಲಿ ನೆನೆದು, ನಾಯಿಯ ಕುತ್ತಿಗೆಯ ಕೂದಲಿಗೆ ಹತ್ತಿ ನಮ್ಮ ಮನೆಯ ಹಜಾರಕ್ಕೆ ಬಂದಾಗ ಅದರ ವಾಸನೆಗೆ ಯಾವ ಭಾಷೆಯಲ್ಲೂ ಹೆಸರಿಲ್ಲ. ದಶಾವತಾರದಲ್ಲಿ ಮೊದಲನೆಯದೇ ಮತ್ಸ್ಯಾವತಾರ ಅಲ್ಲವೇ ಎಂದು ನಾನು ಹಗುರ ಮಾಡಲು ನೋಡಿದೆ. ಅಮ್ಮ ನಗಲಿಲ್ಲ. ದೇವರ ಮನೆಯ ಬಾಗಿಲು ಹಾಕಿಕೊಂಡರು.

ಪಶುವೈದ್ಯರ ಹತ್ತಿರ ಕರೆದೊಯ್ದೆ. ಆ ಡಾಕ್ಟರಮ್ಮ ಮುಕುಂದನನ್ನು ಮೂಸಿ ನಕ್ಕರು. "ಉಂಗಳುಕ್ಕು ನಾತ್ತಂ, ಅದುಕ್ಕು ಸೆಂಟ್, ಸಾರ್," ಎಂದರು. ನಿಮಗೆ ನಾತ, ಅದಕ್ಕೆ ಸೆಂಟು. ನಾನು ಈ ಮಾತಿನ ಅರ್ಧವನ್ನು ಮಾತ್ರ ಕೇಳಿಸಿಕೊಂಡೆ. ಸೆಂಟೇ ಬೇಕಾದರೆ ಒಳ್ಳೆಯದನ್ನೇ ಕೊಡೋಣ ಎಂದುಕೊಂಡು ಗುಲಾಬಿ ಶಾಂಪೂ ತಂದೆ. ಸೀಗೆಕಾಯಿ, ಕಸ್ತೂರಿ ಅರಿಸಿನ ಎಲ್ಲ ಆಯಿತು. ಕೊನೆಗೆ ಪೂಜಾ ಸಾಮಾನಿನ ಅಂಗಡಿಯಿಂದ ಜವ್ವಾದು ಪುಡಿ ತಂದು ಕುತ್ತಿಗೆಗೆ ತಿಕ್ಕಿದೆ. ದೇವರಿಗೆ ಹಚ್ಚುವ ಪರಿಮಳ ಅದು. ಹಿಂದೆಲ್ಲ ಇಂಥದ್ದನ್ನು ಪುನುಗಿನ ಬೆಕ್ಕಿನ ಹಿಂಭಾಗದಿಂದ ತೆಗೆಯುತ್ತಿದ್ದರು ಎಂದು ಅನಘಾ ಓದಿ ಹೇಳಿದಳು. ನನಗೆ ಸ್ವಲ್ಪ ಯೋಚನೆಯಾಯಿತು. ಬೆಕ್ಕಿನ ಹಿಂಭಾಗದ ಪದಾರ್ಥ ಮುಕುಂದನಿಗೂ ಇಷ್ಟವೇ, ಅವನ ಹತ್ತಿರ ಬಾಟಲಿ ಇರಲಿಲ್ಲ ಅಷ್ಟೆ. ಆದರೂ ಜವ್ವಾದು ಮುಂದುವರಿಸಿದೆ. ವಿಚಿತ್ರವೆಂದರೆ, ನಾನು ಹಚ್ಚಿದಷ್ಟೂ ಅವನು ಹೆಚ್ಚು ಹೊರಳಾಡಿ ಬರುತ್ತಿದ್ದ.

ಹೀಗಿರುವಾಗ ಅಪ್ಪನ ತಿಥಿ ಬಂತು. ಶ್ರಾದ್ಧದ ಅಡುಗೆಯ ಮೇಲೆ ನಾಯಿಯ ಕಣ್ಣು ಬೀಳಬಾರದು ಎಂದು ಶಾಸ್ತ್ರವಿದೆ. ಕಣ್ಣೇ ಬೀಳಬಾರದು ಎಂದ ಮೇಲೆ ಕರುವಾಡಿನ ಮಾತೆಲ್ಲಿ. ಅಮ್ಮ ನನ್ನನ್ನು ಕೂರಿಸಿಕೊಂಡು ನಿಧಾನವಾಗಿಯೇ ಹೇಳಿದರು: "ನೋಡಪ್ಪ, ಇಷ್ಟು ದಿವ್ಸ ನಾನು ಏನಾದ್ರೂ ಅಂದ್ನಾ? ನಿಮ್ಮಪ್ಪನ ತಿಥಿ ದಿವ್ಸ ಆ ನಾತ ಮನೆಗೆ ಬಂದ್ರೆ ಮಾತ್ರ ನಾನು ಸುಮ್ನಿರಲ್ಲ. ಹಾಗೇನಾದ್ರೂ ಆದ್ರೆ ಆ ನಾಯೀನ ಪೆರಂಬೂರಿಗೆ ಕಳಿಸ್ಬಿಡು." ಪೆರಂಬೂರಿನಲ್ಲಿ ವೀಣಾಳ ತಮ್ಮ ಶ್ರೀಧರನ ರೈಲ್ವೆ ಕ್ವಾರ್ಟರ್ಸ್ ಇದೆ, ಹಿತ್ತಲಿದೆ. ನಾಯಿಯನ್ನು ಕೊಟ್ಟರೆ ಸಾಕುತ್ತೇನೆ ಎಂದು ಅವನು ಎಂದೋ ಹೇಳಿದ್ದ. ಅಲ್ಲಿ ಮುಕುಂದ ಸುಖವಾಗಿಯೇ ಇರುತ್ತಾನೆ ಎಂದು ನನಗೆ ಗೊತ್ತಿತ್ತು. ಸಂಕಟ ಅದಲ್ಲ. ಆಫೀಸಿನಿಂದ ಬಂದು ಬಾಗಿಲು ತೆರೆದಾಗ ನನ್ನನ್ನು ನೋಡಿ ಅಷ್ಟು ಸಂತೋಷಪಡುವವರು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಎಚ್ಚರಿಕೆ ಇರಲಿ ಎಂದು ಹಿಂದಿನ ಸಂಜೆ ಅವನಿಗೆ ಭರ್ಜರಿ ಸ್ನಾನ ಮಾಡಿಸಿದೆ. ಗುಲಾಬಿ ಶಾಂಪೂ ಹಾಕಿದೆ, ಎಂದಿಗಿಂತ ಹೆಚ್ಚು ಜವ್ವಾದು ತಿಕ್ಕಿದೆ. ಬೆಳಿಗ್ಗೆ ಬಿಗಿಯಾಗಿ ಹಿಡಿದು ಒಂದು ಸುತ್ತು ತಿರುಗಿಸಿ ತಂದು ಅನಘಾಳ ರೂಮಿನಲ್ಲಿ ಬಿಟ್ಟು ಬಾಗಿಲು ಹಾಕಿದೆ. ಶಾಸ್ತ್ರಿಗಳು ಬಂದರು, ಕರ್ಮವೆಲ್ಲ ಸಾಂಗವಾಗಿ ನಡೆಯಿತು, ಬ್ರಾಹ್ಮಣರ ಊಟವೂ ಆಯಿತು. ಇನ್ನು ಕಾಗೆಗೆ ಪಿಂಡ ಇಡುವುದೊಂದು ಬಾಕಿ. ಕಾಗೆ ಮುಟ್ಟಿದರೆ ಪಿತೃಗಳು ತೃಪ್ತರಾದರೆಂದು ಅರ್ಥ, ಆಮೇಲೆ ನಮ್ಮ ಊಟ. ನಾನು ಎಲೆ ಹಿಡಿದು ತಾರಸಿಗೆ ಹೋದೆ. ಅಮ್ಮ, ವೀಣಾ ಹಿಂದೆ ಬಂದರು. ಶಾಸ್ತ್ರಿಗಳು ಮೆಟ್ಟಿಲ ಬಾಗಿಲಿನ ನೆರಳಿನಲ್ಲಿ ನಿಂತರು.

ಅಪ್ಪನ ತಿಥಿ ಬರುವುದು ಅಮಾವಾಸ್ಯೆಯ ದಿನ. ಅಮಾವಾಸ್ಯೆಯ ದಿನ ವೆಸ್ಟ್ ಮಾಂಬಲಂನ ಕಾಗೆಗಳ ದರ್ಬಾರನ್ನು ನೀವು ನೋಡಬೇಕು. ಯಾವ ತಾರಸಿ ನೋಡಿದರೂ ತುಪ್ಪ, ಬೇಳೆ ಬೆರೆಸಿದ ಅನ್ನ, ಕೆಲವು ಕಡೆ ಮೇಲೊಂದು ವಡೆ. ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಉಂಡು ತೇಗಿದ ಕಾಗೆಗಳು ಸಾಲಾಗಿ ಕೂತಿದ್ದವು. ನಾನು ಎಲೆಯನ್ನು ತಾರಸಿಯ ಕಟ್ಟೆಯ ಮೇಲಿಟ್ಟು ಕಾ ಕಾ ಎಂದು ಕೂಗಿದೆ. ಒಂದು ಕಾಗೆ ಕತ್ತು ತಿರುಗಿಸಿ ನೋಡಿ, ಮತ್ತೆ ಆಚೆ ತಿರುಗಿತು. ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಉಟ್ಟ ಪಂಚೆ ಬೆವರಿಗೆ ಒದ್ದೆಯಾಯಿತು. ಎಷ್ಟು ಹೊತ್ತಾದರೂ ಒಂದೂ ಹಾರಿ ಬರಲಿಲ್ಲ.

ಅಮ್ಮನ ಮುಖ ಸಣ್ಣದಾಯಿತು. "ಅವ್ರ ಮನಸ್ಸಿನಲ್ಲಿ ಏನೋ ಇದೆ. ಏನಾದ್ರೂ ಮಾತು ಕೊಡು," ಎಂದರು. ಹೀಗೆ ಕಾಗೆ ಬಾರದಿದ್ದಾಗ ಹೋದವರಿಗೆ ಮಾತು ಕೊಡುವ ಪದ್ಧತಿ ನಮ್ಮಲ್ಲಿದೆ. ನಾನು ಕೈಮುಗಿದು, ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದೆ. ಕಾಗೆಗಳು ಕದಲಲಿಲ್ಲ. "ಸಿಟ್ಟು ಕಮ್ಮಿ ಮಾಡ್ಕೋತೀನಿ ಅನ್ನು," ಎಂದರು ಅಮ್ಮ. ಹಾಗೇ ಅಂದೆ. ಸಂಧ್ಯಾವಂದನೆ ತಪ್ಪಿಸುವುದಿಲ್ಲ ಎನ್ನಿ ಎಂದು ನೆರಳಿನಿಂದ ಶಾಸ್ತ್ರಿಗಳು ಸೂಚಿಸಿದರು. ಅದನ್ನೂ ಅಂದೆ. ವೀಣಾ ತಗ್ಗಿದ ದನಿಯಲ್ಲಿ, "ದೀಪಾವಳಿ ಒಳಗೆ ಮನೆಗೆ ಬಣ್ಣ ಹೊಡಿಸ್ತೀನಿ ಅಂತ ಹೇಳ್ರಿ, ಮಾವಂಗೆ ಅದೊಂದು ಆಸೆ ಇತ್ತು," ಎಂದಳು. ಅಪ್ಪನಿಗೆ ಅಂಥ ಆಸೆ ಇದ್ದದ್ದು ನನಗೆ ನೆನಪಿಲ್ಲ. ಆದರೂ ಅಂದೆ. ಟ್ಯಾಂಕಿನ ಮೇಲೆ ಒಂದು ಕಾಗೆ ಕಣ್ಣು ಮುಚ್ಚಿಕೊಂಡು ನಿದ್ದೆ ಹೋಗುತ್ತಿತ್ತು.

ಅಮ್ಮ ಟ್ಯಾಂಕಿನ ಕಡೆ ನೋಡಿದರು. ಆಮೇಲೆ ನನ್ನ ಮುಖ ನೋಡದೆ, "ಆ ನಾಯೀನ ಪೆರಂಬೂರಿಗೆ ಕಳಿಸ್ತೀನಿ ಅಂತ ಹೇಳು," ಎಂದರು.

ನಾನು ಕೈ ಮುಗಿದುಕೊಂಡೇ ನಿಂತೆ. ಸಂಧ್ಯಾವಂದನೆ, ಬಣ್ಣ, ಸಿಟ್ಟು ಇವನ್ನೆಲ್ಲ ಹೋದವರ ಎದುರು ಸಲೀಸಾಗಿ ಹೇಳಿಬಿಡಬಹುದು, ನಡೆಸದಿದ್ದರೆ ಅಪ್ಪ ಹೊಂದಿಸಿಕೊಳ್ಳುತ್ತಾರೆ. ಇದನ್ನು ಹೇಳಿದರೆ ಅಮ್ಮ ನಾಳೆಯೇ ನಡೆಸಿಬಿಡುತ್ತಾರೆ. "ಹೇಳು," ಎಂದು ಅಮ್ಮ ಇನ್ನೊಂದು ಸಲ ಅಂದರು. ನಾನು ಗಂಟಲು ಸರಿಮಾಡಿಕೊಂಡು, "ಅಪ್ಪಾ, ಮುಕುಂದನ್ನ..." ಎಂದು ಶುರುಮಾಡಿದೆ.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ವಾಸನೆ ಬಂತು. ಶಾಸ್ತ್ರಿಗಳು ಶಿವ ಶಿವ ಎನ್ನುತ್ತ ಬಿಸಿಲಿಗೆ ಜಿಗಿದರು. ಅವರು ಬಿಟ್ಟ ಜಾಗದಲ್ಲಿ ಮುಕುಂದ ಸರಪಳಿ ಎಳೆದುಕೊಂಡು ಬಂದು ನಿಂತ. ಕುತ್ತಿಗೆಯಿಂದ ಬಾಲದವರೆಗೆ ಕರುವಾಡು ಮೆತ್ತಿಕೊಂಡಿತ್ತು. ಹಿಂದಿನಿಂದ ಅನಘಾ ಏದುಸಿರು ಬಿಡುತ್ತ ಹತ್ತಿ ಬಂದಳು. "ಅಪ್ಪಾ, ಸಾರಿಪ್ಪಾ. ಅವಸರಮಾ ಕೀಳೆ ಪೋಕಣುಂನು ಅಳುದಾನ್. ಕೂಟ್ಟಿಂಡು ಪೋನೇನ್, ಕೈಯ ವಿಟ್ಟು ಓಡಿಟ್ಟಾನ್," ಎಂದಳು. ಕೆಳಗೆ ಹೋಗಬೇಕೆಂದು ಅತ್ತನಂತೆ, ಕರೆದೊಯ್ದಾಗ ಕೈ ಬಿಡಿಸಿಕೊಂಡು ಓಡಿದನಂತೆ. ಡಾಕ್ಟರಮ್ಮನ ಮಾತಿನ ಉಳಿದರ್ಧ ನನಗೆ ಆಗ ತಲೆಗೆ ಹೋಯಿತು. ಅವನಿಗೆ ನಾತವಾಗಿದ್ದದ್ದು ನನ್ನ ಜವ್ವಾದು. ರಾತ್ರಿಯಿಡೀ ಅದನ್ನು ಹೊತ್ತು ಮಲಗಿ, ಸಮಯ ಸಿಕ್ಕಿದ ಕೂಡಲೇ ಹೋಗಿ ಅಳಿಸಿಕೊಂಡು ಬಂದಿದ್ದ.

ಆದರೆ ಆ ವಾಸನೆ ಟ್ಯಾಂಕಿನ ಕಡೆಗೂ ಬೀಸಿತ್ತು. ತುಪ್ಪ, ಬೇಳೆ ತಿಂದು ಬಾಯಿ ಚಪ್ಪೆಯಾಗಿದ್ದ ಕಾಗೆಗಳು ಒಮ್ಮೆಗೇ ಎದ್ದವು. ಒಂದು ಬಂದು ಮುಕುಂದನ ಬಾಲ ಕುಕ್ಕಿತು. ಎರಡು ಅವನ ತಲೆಯ ಮೇಲೆ ಸುತ್ತಿದವು. ಉಳಿದವು ಕಟ್ಟೆಯ ಮೇಲೆ ಇಳಿದು ಗಲಾಟೆ ಎಬ್ಬಿಸಿದವು. ಅವನು ಹೆದರಿ ಓಡಿ ಬಂದು ನನ್ನ ಕಾಲಿಗೆ ಮೈ ಒತ್ತಿ ಕೂತ. ಕಾಗೆಗಳಲ್ಲೊಂದು ಹತ್ತಿರವಿದ್ದ ಎಲೆಯನ್ನು ಗಮನಿಸಿತು, ಎರಡು ಹೆಜ್ಜೆ ಕುಪ್ಪಳಿಸಿ ಬಂದು ಪಿಂಡಕ್ಕೆ ಬಾಯಿ ಹಾಕಿತು.

ಅಮ್ಮನ ಕಣ್ಣು ತುಂಬಿ ಬಂದಿತ್ತು. "ನೀನು ಹೇಳೋಕ್ಮುಂಚೆ ಬಂದ್ಬಿಟ್ರು ನೋಡು," ಎಂದರು. "ಅದನ್ನ ಕಳಿಸೋದು ಅವ್ರಿಗೆ ಇಷ್ಟ ಇಲ್ಲ." ನಾಯಿಯ ಕಣ್ಣು ಬಿತ್ತಲ್ಲ ಎಂದು ಶಾಸ್ತ್ರಿಗಳು ಏನೋ ಎತ್ತಲು ಹೊರಟರು. "ಪಿಂಡ ಮುಟ್ಟಿದ ಮೇಲೆ ಇನ್ನೇನು ಶಾಸ್ತ್ರಿಗಳೇ, ನೀವು ಕೆಳಗೆ ಬನ್ನಿ," ಎಂದು ಅಮ್ಮ ಮುಗಿಸಿದರು. ನನಗೆ ಆದ ಸಂತೋಷ ಹೇಳತೀರದು. ಅಪ್ಪ ಇದ್ದಾಗ ನನ್ನ ಪರವಾಗಿ ಅಮ್ಮನ ಎದುರು ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ, ಈಗ ಆಡಿದರು ಎಂದುಕೊಂಡೆ.

ಮುಕುಂದನನ್ನು ತಾರಸಿಯಲ್ಲೇ ಕಟ್ಟಿ, ಕಾಲು ತೊಳೆದು ಊಟ ಮುಗಿಸಿದ ಮೇಲೆ ಅವನಿಗೆ ಸ್ನಾನ ಮಾಡಿಸಿದೆ. ವಾಸನೆಯ ಸೋಪು, ಶಾಂಪೂ ಯಾವುದೂ ಇಲ್ಲ, ಬರೀ ಕಡಲೆಹಿಟ್ಟು, ಬಿಸಿನೀರು. ಬೆಳಗಿನಿಂದ ಹೋಮದ ಹೊಗೆಯಲ್ಲಿ, ತಾರಸಿಯ ಬಿಸಿಲಿನಲ್ಲಿ ಬೆವೆತು ತೊಪ್ಪೆಯಾಗಿದ್ದ ಪಂಚೆಯನ್ನು ಬಿಚ್ಚಿ ಬಚ್ಚಲ ಬಾಗಿಲಲ್ಲಿ ಹಾಕಿ, ಒಂದು ಲುಂಗಿ ಸುತ್ತಿಕೊಂಡು ಹಜಾರದ ಫ್ಯಾನಿನ ಕೆಳಗೆ ಕೂತೆ. ಮುಕುಂದ ಮೈ ಕೊಡವಿ ಹೊರಗೆ ಬಂದ. ಪಂಚೆಯನ್ನು ಮೂಸಿದ. ಒಂದು ಭುಜ ಬಗ್ಗಿತು. ಆಮೇಲೆ ಕುತ್ತಿಗೆ, ಬೆನ್ನು, ಸೊಂಟ ಎಲ್ಲವನ್ನೂ ಅದರ ಮೇಲೆ ಹೊರಳಿಸಿ, ಕಾಲು ನಾಲ್ಕೂ ಮೇಲೆತ್ತಿ, ಕಣ್ಣು ಮುಚ್ಚಿಕೊಂಡ. ವೀಣಾ ನೋಡಿ, "ನಿಮ್ಮನ್ನ ಕಂಡ್ರೆ ಎಷ್ಟು ಪ್ರೀತಿ ನೋಡ್ರಿ ಅದಕ್ಕೆ," ಎಂದಳು. ನಾನು ಎದ್ದು ಹೋಗಿ ಅವನ ಹೊಟ್ಟೆ ಸವರಿದೆ.

ಅಮ್ಮ ಅಡುಗೆಮನೆಯಿಂದ ಬಂದು ನಾಯಿಯನ್ನು ನೋಡಿದರು, ಪಂಚೆಯನ್ನು ನೋಡಿದರು, ಆಮೇಲೆ ಮೂಗಿಗೆ ಸೆರಗು ಹಿಡಿದು ನನ್ನನ್ನು ನೋಡಿದರು. "ಅದಕ್ಕೇನೋ ಸ್ನಾನ ಆಯ್ತು," ಎಂದರು. "ನೀನೂ ಹೋಗಿ ಮಾಡ್ಕೊಂಡ್ಬಾ."